ಹೆಣದ ಫೋಟೋ, ಗೊಂಬೆಯ ಹಾಡು



ನಮ್ಮ ಸಿಟ್ಟಿಗೆ ಹಾಡುಗಳಿವೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಿನಿಂದ ಇವತ್ತಿನ ತನಕ, ಯಾದಗಿರಿ ಡಿಸಿ ಆಫೀಸಿನ ಮುಂದೆ ಧರಣಿ ಕುಂತರೂ ಸುರಪುರದಾಗ ಮೆರವಣಿಗೆ ಹೊಂಟರೂ ಹಲಗಿ ಬಾರಿಸಿ ಹಾಡೋದಕ್ಕ ನಮಗ ಕೊರತೆ ಬಿದ್ದಿಲ್ಲ. ಆ ಹಾಡುಗಳೇ ನನ್ನಂಥವರನ್ನು ಮನುಷ್ಯರನ್ನಾಗಿ ಮಾಡಿದವು.

ನಮ್ಮ ದುಃಖಕ್ಕೆ ಏನಿದೆ? ಎಫ್‌ಐಆರ್ ಇದೆ. ಮಹಜರು ಇದೆ. ಬಂದರೆ ಬಂತು, ಪರಿಹಾರದ ಚೆಕ್ ಇದೆ. ವಾಟ್ಸಾಪ್‌ನಾಗ ಊರೂರು ತಿರುಗೋ ಹೆಣದ ಫೋಟೋ ಇದೆ. ಆದರೆ ಕುಂತು ಅಳಲಿಕ್ಕೆ ಒಂಬತ್ತು ನಿಮಿಷದ ಒಂದು ಹಾಡು ಇಲ್ಲ.

ಒಂಬತ್ತು ನಿಮಿಷ ಅಂತ ಯಾಕಂದೆ ಅಂದ್ರ, ಹೋದ ವರ್ಷ ನಮ್ಮ ಹಾಸ್ಟೆಲ್ ಹುಡುಗನೊಬ್ಬ, ಈಗ ಬೆಂಗಳೂರಿನಾಗ ಇಂಜಿನಿಯರಿಂಗ್ ಓದ್ತಾನ, ಶಹಾಪುರಕ್ಕ ಬಂದಾಗ ಫೋನ್ ಕೈಯಾಗ ಕೊಟ್ಟು, "ಅಣ್ಣಾ, ಇದೊಂದು ಪೂರಾ ನೋಡ್ರಿ, ನಡುವೆ ಬಿಡಬ್ಯಾಡ್ರಿ" ಅಂದ. ಇಂಗ್ಲಿಷ್ ಹಾಡು. ಸ್ಟೀವನ್ ವಿಲ್ಸನ್ ಎಂಬ ಬ್ರಿಟಿಷ್ ಸಂಗೀತಗಾರನ 'ರುಟೀನ್'. 2015ರ ಆಲ್ಬಂ. ಹಾಡು ಒಂಬತ್ತು ನಿಮಿಷದ ಹತ್ತಿರ. ಇದಕ್ಕೆ ಪ್ರೋಗ್ರೆಸಿವ್ ರಾಕ್ ಅಂತಾರ. ಮೂರು ನಿಮಿಷದಾಗ ಮುಗಿಯೋ ಸಿನಿಮಾ ಹಾಡಿನಂಗ ಅಲ್ಲ ಅದು. ಮೆಲ್ಲಗೆ ಪಿಯಾನೋದಿಂದ ಶುರುವಾಗ್ತದ, ತಾಳ ಬದಲಾಗ್ತದ, ನಡುವೆ ಗಿಟಾರ್ ಅಳ್ತದ, ಒಂದು ಕಡೆ ಒಡೆದು ಚೂರಾಗಿ ಮತ್ತೆ ತಣ್ಣಗಾಗ್ತದ. ನಮ್ಮ ಕಡೆ ಅಲಾಯಿ ಹಬ್ಬದಾಗ ಕುಣಿ ಸುತ್ತ ನಿಂತು ರಿವಾಯತ್ ಪದ ಹಾಡೋರನ್ನು ಕೇಳಿದವರಿಗೆ ಇದು ಅಪರಿಚಿತ ಅನಿಸಂಗಿಲ್ಲ. ಕರ್ಬಲಾದ ಕಥೆ ಐದು ನಿಮಿಷದಾಗ ಮುಗಿಯಂಗಿಲ್ಲ. ದುಃಖ ಅವಸರ ಮಾಡಂಗಿಲ್ಲ.

ನನ್ನ ಇಂಗ್ಲಿಷು ಅರ್ಜಿ ಬರೆಯುವಷ್ಟು. ಹಾಡಿನ ಮಾತು ಅರ್ಧಕ್ಕರ್ಧ ತಿಳಿಲಿಲ್ಲ. ಆದರೆ ವಿಡಿಯೋದಾಗ ಗೊಂಬೆ ಇತ್ತು. ಜೆಸ್ ಕೋಪ್ ಎಂಬ ಕಲಾವಿದೆ ಗೊಂಬೆಗಳನ್ನು ಇಷ್ಟಿಷ್ಟೇ ಸರಿಸಿ, ಒಂದೊಂದು ಫೋಟೋ ತೆಗೆದು, ಅವನ್ನು ಜೋಡಿಸಿ ಮಾಡಿದ ಚಿತ್ರ ಅದು. ಒಬ್ಬ ಹೆಣ್ಣುಮಗಳು ಮನೆಗೆಲಸ ಮಾಡ್ತಾಳ. ಗಂಡನಿಗೆ, ಮಕ್ಕಳಿಗೆ ಅಂತ ದಿನಾ ಮಾಡೋ ಕೆಲಸ. ಆದರೆ ಮನೆಯಾಗ ಗಂಡ ಇಲ್ಲ, ಮಕ್ಕಳಿಲ್ಲ. ಶಾಲೆಯೊಳಗ ನಡೆದ ಗುಂಡಿನ ದಾಳಿಯಲ್ಲಿ ಎಲ್ಲರೂ ಹೋಗ್ಯಾರ. ಕೆಲಸ ನಿಂತರೆ ಸಾವು ಖರೆ ಆಗಿಬಿಡ್ತದ, ಅದಕ್ಕೇ ಆಕೆ ನಿಲ್ಲಿಸಂಗಿಲ್ಲ. ನಿನೆಟ್ ತಯೇಬ್ ಎಂಬ ಗಾಯಕಿಯ ದನಿ ಕಟ್ಟೆ ಒಡೆದಂಗ ಏರುವಾಗ ಆ ಹೆಣ್ಣಿನ ಒಳಗಿನ ಕಟ್ಟೆಯೂ ಒಡೀತದ.

ಅದೇ ಹಾಡನ್ನು ಆಮೇಲೆ ವಿಡಿಯೋ ಇಲ್ಲದೆ ಬರೀ ಕಿವಿಯಿಂದ ಕೇಳಿದೆ. ಒಳ್ಳೆ ಹಾಡೇ. ಆದರೆ ಗೊಂಬೆಯ ಜೊತೆ ಕೇಳಿದಾಗ ಎದಿಗೆ ಬಂದು ಕುಂತದ್ದು ಬರೀ ದನಿಯಿಂದ ಅಷ್ಟು ಬರಲಿಲ್ಲ. ಯಾಕೆ ಅಂತ ಭಾಳ ದಿನ ಯೋಚಿಸಿದೆ.

ಒಂದನೇ ಕಾರಣ: ಗೊಂಬೆಯ ಮುಖದಾಗ ನಟಿಯ ಮುಖದಂಗ ನೂರು ಭಾವ ಇರಂಗಿಲ್ಲ. ಅದು ಸುಮ್ಮನಿರ್ತದ. ಅದು ಅಳದೇ ಬಿಟ್ಟ ಅಳುವನ್ನು ನೋಡುವವರೇ ತುಂಬಬೇಕು. ಸಿನಿಮಾದಾಗ ನಟಿ ನಮ್ಮ ಬದಲಿಗೆ ಅತ್ತುಬಿಡ್ತಾಳ. ಗೊಂಬೆ ಆ ಸವಲತ್ತು ಕೊಡಂಗಿಲ್ಲ.

ಎರಡನೇ ಕಾರಣ: ಅದು ಯಾರದೋ ಒಬ್ಬರ ಮುಖ ಅಲ್ಲ. ಬಿಳಿ ನಟಿ ಆಗಿದ್ದರೆ ನಾನು 'ಅವರ ದೇಶದ ಕಥೆ' ಅಂತ ನೋಡ್ತಿದ್ದೆನೇನೋ. ಗೊಂಬೆಗೆ ದೇಶ ಇಲ್ಲ, ಜಾತಿ ಇಲ್ಲ. ಸುರಪುರ ತಾಲ್ಲೂಕಿನ ನಮ್ಮ ಕೇರಿಯ ಹೆಣ್ಣುಮಕ್ಕಳೂ ಆಕೆಯ ಒಳಗ ಹೋಗಿ ಕುಂಡ್ರಬಹುದು.

ಮೂರನೇದು ಕೈ ಕೆಲಸ. ಗೊಂಬೆಯನ್ನು ಸೆಕೆಂಡಿಗೆ ಬರೀ 12 ಸಲ ಸರಿಸ್ತಾರ ಅಂತ ಹಿಡಿದರೂ ಒಂಬತ್ತು ನಿಮಿಷಕ್ಕ 6,480 ಸಲ ಆಯ್ತು. ಒಬ್ಬ ಹೆಣ್ಣಿನ ದುಃಖವನ್ನು 6,480 ಸಲ ಕೈಯಿಂದ ಮುಟ್ಟಿ, ಮೆಲ್ಲಗೆ ಸರಿಸಿ, ಮತ್ತೆ ನೋಡೋದು. ನಮ್ಮ ದುಃಖವನ್ನು ಯಾರು ಇಷ್ಟು ಸಲ ಮುಟ್ಟಿ ನೋಡ್ಯಾರ? ಮುಟ್ಟೋದೇ ನಮ್ಮ ಊರುಗಳಾಗ ದೊಡ್ಡ ಪ್ರಶ್ನೆ.

ಈಗ ನಮ್ಮ ಮನೆಯ ಮಾತು.

ನಮ್ಮಣ್ಣ ಆರು ವರ್ಷದ ಹಿಂದೆ ಗುಳೆ ಹೋದವನು ಬೆಂಗಳೂರಿನಾಗ ಕಟ್ಟುತ್ತಿದ್ದ ಬಿಲ್ಡಿಂಗಿನ ಸಾರವೆ ಕುಸಿದು ಸತ್ತ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಎಷ್ಟು ಮಂದಿ ಬಸ್ಸು, ರೈಲು ಹತ್ತತಾರ ಅಂತ ನಿಮಗ ಹೇಳಬೇಕಿಲ್ಲ. ಅವನು ಸತ್ತ ಸುದ್ದಿ ಫೋನ್ ಕಾಲಿನಾಗ ಬರುವ ಮೊದಲೇ ಅವನ ಫೋಟೋ ಬಂತು. ಯಾವನೋ ತೆಗೆದು ಯಾವುದೋ ಗ್ರೂಪಿಗೆ ಹಾಕ್ಯಾನ, ಅಲ್ಲಿಂದ ನಮ್ಮೂರ ಗ್ರೂಪಿಗೆ. ನಮ್ಮತ್ತಿಗಿ ಒಲಿ ಮುಂದೆ ಕುಂತಾಗ ಫೋನ್ ತೆಗೆದು ನೋಡಿದಳು. ಗುತ್ತೇದಾರನ ರಜಿಸ್ಟರಿನಾಗ ಅಣ್ಣನ ಹೆಸರೇ ಇರಲಿಲ್ಲ. ಆದರೆ ಅವನ ಹೆಣ ಎಷ್ಟೋ ಮಂದಿ ಫೋನಿನಾಗಿತ್ತು.

ಅವ್ವಗ ಆ ಫೋಟೋ ಇವತ್ತಿಗೂ ತೋರಿಸಿಲ್ಲ. ಅವ್ವ ಮಾಡೋದು ಬ್ಯಾರೆ. ಅಣ್ಣನ ಫೋನ್ ವಾಪಸ್ ಬಂದಿತ್ತು. ಅದನ್ನು ಗೋಡೆಯ ಗೂಡಿನಾಗ ಇಟ್ಟು ಚಾರ್ಜ್ ಹಾಕ್ತಾಳ. ರೀಚಾರ್ಜ್ ಮುಗಿಯೋ ಮೊದಲೇ ಕೂಲಿ ರೊಕ್ಕದಾಗ ಮತ್ತೆ ಹಾಕಿಸ್ತಾಳ. ರಾತ್ರಿ ಉಂಡ ಮ್ಯಾಲ ತನ್ನ ಫೋನಿನಿಂದ ಆ ನಂಬರಿಗೆ ಹಚ್ಚತಾಳ. ಆಕಿ ಕಿವಿಯಾಗ ಅಣ್ಣ ಇಟ್ಟಿದ್ದ ಭೀಮಗೀತೆಯ ಕಾಲರ್ ಟ್ಯೂನ್, ಅತ್ತ ಗೂಡಿನಾಗ ರಿಂಗು. ತಾನಾಗಿ ಕಟ್ ಆಗೋ ತನಕ ಹಿಡಕೊಂಡು ಕುಂಡ್ರತಾಳ. ಒಮ್ಮೆ ನಾನು ಕೇಳಿದಾಗ ಅಂದಳು: "ಎತ್ತಂಗಿಲ್ಲ ಅಂತ ನನಗ ಗೊತ್ತದಪ್ಪಾ. ಹಾಡು ಬರ್ತದಲ್ಲ, ಅಷ್ಟು ಸಾಕು."

'ರುಟೀನ್' ನೋಡುವಾಗ ನನಗ ಕಂಡದ್ದು ಇದೇ. ಯಾವ ಪಂಚನಾಮೆಯಾಗೂ ಬರೆಯದ, ಯಾವ ಕ್ಯಾಮೆರಾಕ್ಕೂ ಸಿಗದ ಸಂಗತಿ. ನ್ಯೂಸ್‌ನವರು ಬಂದಿದ್ದರೆ ಅವ್ವನ ಮುಖಕ್ಕೆ ಮೈಕ್ ಹಿಡಿದು ಅಳಸ್ತಿದ್ದರು. ಗೊಂಬೆಯಾದರೆ ಗೂಡಿನ ಆ ಫೋನನ್ನಷ್ಟೇ ತೋರಿಸಬಹುದಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವಿಡಿಯೋ, ಫೋಟೋ ಬೇಡ ಅಂತ ನಾನು ಅನ್ನಲ್ಲ. ಸಾಕ್ಷಿ ಬೇಕೇ ಬೇಕು. 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ ಸತ್ತ ದನದ ತೊಗಲು ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದರಲ್ಲ, ಆ ವಿಡಿಯೋ ಇಲ್ಲದಿದ್ದರೆ ದೇಶ ಎದ್ದು ನಿಲ್ತಿರಲಿಲ್ಲ. ಆದರೆ ನೆನಪಿಡ್ರಿ, ಅದನ್ನು ತೆಗೆದು ಹರಿಬಿಟ್ಟವರು ಹೊಡೆದವರ ಕಡೆಯವರೇ. ನಮಗೆ ಸಾಕ್ಷಿಯಾದದ್ದು ಅವರಿಗೆ ಡಂಗುರ ಆಗಿತ್ತು. ಕೋರ್ಟಿಗೆ, ಪೊಲೀಸರಿಗೆ, ವಕೀಲರಿಗೆ ಹೋಗಬೇಕಾದದ್ದು ಅಲ್ಲಿಗೆ ಹೋಗಲಿ. ನಮ್ಮ ಮಕ್ಕಳು ಹಾಸಿಗೆಯಾಗ ಮಲಗಿ ಬೆರಳಿನಿಂದ ಸರಿಸೋ ಫೋನಿನಾಗ ನಮ್ಮವರ ಬೆತ್ತಲೆ ಬೆನ್ನು ದಿನಾ ಯಾಕ ಬರಬೇಕು? ನೂರು ಸಲ ನೋಡಿದರೆ ಸಿಟ್ಟೂ ಸಾಯ್ತದ, ಕರುಳೂ ಸಾಯ್ತದ.

ಇನ್ನೊಂದು ಕಡೆ, ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಮಂದಿ ದಲಿತರನ್ನು ಸುಟ್ಟರು. ಮೊಬೈಲ್ ಕ್ಯಾಮೆರಾ ಇರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಆ ರಾತ್ರಿಯ ಚಿತ್ರ ಇನ್ನು ಕೈಯಿಂದ ಬರೆದರೆ ಮಾತ್ರ ಉಂಟು. ಕ್ಯಾಮೆರಾ ಇಲ್ಲದ ಕಡೆಗೂ, ಕ್ಯಾಮೆರಾ ಅತಿಯಾದ ಕಡೆಗೂ ಬರೆದ ಚಿತ್ರವೇ ಬೇಕಾಗ್ತದ.

ಜಗತ್ತಿನಾಗ ಈ ಕೆಲಸ ಮಾಡಿದವರಿದ್ದಾರೆ. ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ ಕೂಸಿದ್ದಾಗಲೇ, 1944ರಲ್ಲಿ, ಅವರ ಅಪ್ಪ ಇಟಲಿಯ ಆಂಜಿಯೋದ ಯುದ್ಧದಾಗ ಸತ್ತರು. ಆ ಗಾಯ 1979ರಲ್ಲಿ 'ದಿ ವಾಲ್' ಆಲ್ಬಂ ಆಯ್ತು. 1982ರಲ್ಲಿ ಸಿನಿಮಾ ಆದಾಗ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ಬರೆದ ಸುತ್ತಿಗೆಗಳು ಸೈನ್ಯದಂಗ ಹೆಜ್ಜೆ ಹಾಕಿದವು. ಸರ್ವಾಧಿಕಾರ ಅಂದ್ರೆ ಏನು ಅಂತ ಗಂಟೆಗಟ್ಟಲೆ ಭಾಷಣ ಮಾಡಿದರೂ ಆ ಸುತ್ತಿಗೆಗಳಷ್ಟು ತಿಳಿಯಂಗಿಲ್ಲ. 2008ರ 'ವಾಲ್ಟ್ಸ್ ವಿತ್ ಬಶೀರ್' ನೋಡ್ರಿ. 1982ರ ಸಾಬ್ರಾ-ಶತೀಲಾ ಕಗ್ಗೊಲೆಯ ಕಥೆ. ಇಡೀ ಸಿನಿಮಾ ಬರೆದ ಚಿತ್ರ, ಕಡೆಯ ಕೆಲವೇ ಕ್ಷಣ ನಿಜವಾದ ದೃಶ್ಯ. ಅಷ್ಟು ಹೊತ್ತು ಚಿತ್ರ ನಮ್ಮನ್ನು ತಯಾರು ಮಾಡಿರ್ತದ, ಅದಕ್ಕೇ ಆ ಹೆಣಗಳು ಬರೀ ಹೆಣ ಅನಿಸಂಗಿಲ್ಲ.

"ಇಂಗ್ಲಿಷ್ ರಾಕು, ಅನಿಮೇಶನ್ನು, ಇವೆಲ್ಲ ಪ್ಯಾಟಿ ಮಂದಿಯ ಶೋಕಿ" ಅಂತ ಯಾರಾದ್ರೂ ಕಾಮೆಂಟ್ ಹಾಕಬಹುದು. ಅವರಿಗೆ ಒಂದು ಮಾತು. ಹಾಡಿನ ಜೊತೆ ಚಿತ್ರ ಕುಣಿಸೋದು ನಮ್ಮವರ ವಿದ್ಯೆ. ತೊಗಲುಗೊಂಬೆ ಆಡಿಸೋ ಶಿಳ್ಳೇಕ್ಯಾತರು ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಇದ್ದಾರೆ. ತೊಗಲು ಹದ ಮಾಡಿ, ತೂತು ಕೊರೆದು, ಬಣ್ಣ ಹಾಕಿ, ಹಿಂದೆ ದೀಪ ಇಟ್ಟು, ಪರದೆ ಮ್ಯಾಲ ಹಾಡ್ತಾ ಕುಣಿಸೋ ಆಟ. ಕರೆಂಟು ಬರುವ ಎಷ್ಟೋ ಕಾಲದ ಮೊದಲಿನ ಅನಿಮೇಶನ್. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣ ಬಿಟ್ಟು ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಇದೇ ತೊಗಲಿನಾಗ ಹೇಳಿದರು. ಹಂಗಾದ್ರೆ ನಮ್ಮ ಹೋರಾಟದ ಕಥೆ ಯಾಕ ಬರಬಾರದು?

ಇನ್ನೂ ಹಿಂದೆ ಹೋಗ್ರಿ. ಶಹಾಪುರದಿಂದ ಭೀಮಾ ನದಿ ದಾಟಿದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿ. ಅಲ್ಲಿಯ ಸ್ತೂಪದ ಸುತ್ತ ಕಲ್ಲಿನ ಫಲಕಗಳಿದ್ದವು. 'ರಾಯೋ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕದ್ದೂ ಅಲ್ಲೇ. ಸ್ತೂಪ ಸುತ್ತುವವರು ನಡೆದಂಗ ಕಲ್ಲಿನ ಕಥೆಯೂ ಒಂದೊಂದೇ ಚಿತ್ರವಾಗಿ ಮುಂದಕ್ಕ ಹೋಗ್ತಿತ್ತು. ಅಲ್ಲಿಯ ಹಳೆಯ ಶಿಲ್ಪಿಗಳು ಬುದ್ಧನ ಮುಖವನ್ನೇ ಕೆತ್ತದೆ ಖಾಲಿ ಆಸನ ಕೆತ್ತಿದರು, ಪಾದದ ಗುರುತು ಕೆತ್ತಿದರು. ಇಲ್ಲದವರನ್ನು ಹೆಂಗ ತೋರಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಸಾವಿರಾರು ವರ್ಷದ ನಂತರ ಅದೇ ಖಾಲಿ ಜಾಗವನ್ನು ಗೊಂಬೆಯ ಮನೆಯಾಗ ನೋಡಿ ನಾನು ಅತ್ತಿದ್ದು.

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನೂ ನೋಡ್ರಿ. ಬಸ್ಸಿನಾಗ ಹೋಗುವಾಗ ಒಂದು ಕಡೆಯಿಂದ ಬುದ್ಧ, ಸ್ವಲ್ಪ ಮುಂದೆ ಹೋದರೆ ಬರೀ ಬಂಡೆ. ಬಿಡಿ ಬಿಡಿ ಕಲ್ಲನ್ನು ಬುದ್ಧ ಮಾಡೋದು ನೋಡುವವರ ಕಣ್ಣು. ಬಿಡಿ ಚಿತ್ರಗಳನ್ನು ಜೀವ ಮಾಡೋದೂ ಅದೇ ಕಣ್ಣು.

ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. ನಾವು ನಿಲ್ಲಿಸಿದ ಮೂರ್ತಿಗಳೆಲ್ಲ ಕೋಟು, ಪುಸ್ತಕ, ಎತ್ತಿದ ಬೆರಳು. ಅದು ಬೇಕು. ಆದರೆ ಅವರು ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ಅಪ್ಪ ಕೂಡ. 1926ರಲ್ಲಿ ರಾಜರತ್ನ ಹೋದ. 1935ರ ಮೇ 27ರಂದು ರಮಾಬಾಯಿ ಹೋದರು. ಆ ಮನೆಯ ಖಾಲಿ ತೊಟ್ಟಿಲಿಗೆ, ರಮಾಬಾಯಿ ಇಲ್ಲದ ಅಡಿಗಿಮನಿಗೆ ಒಂದು ಉದ್ದನೆಯ, ನಿಧಾನದ ಹಾಡು ನಾವು ಕೊಟ್ಟಿದ್ದೀವಾ? ದುಃಖ ಪಡುವ ಹಕ್ಕನ್ನೂ ಮೇಲ್ಜಾತಿಯ ನಾಟಕ, ಸಿನಿಮಾಗಳಿಗೆ ಬಿಟ್ಟುಕೊಟ್ಟರೆ ನಮಗ ಉಳಿಯೋದು ಘೋಷಣೆ ಅಷ್ಟೇ. ಬರೀ ಘೋಷಣೆ ಕೂಗಿ ಮನೆಗೆ ಹೋದ ಕಾರ್ಯಕರ್ತ ರಾತ್ರಿ ಒಬ್ಬನೇ ಕುಡಿಯೋದನ್ನು ನಾವೆಲ್ಲ ನೋಡೀವಿ.

ಅದಕ್ಕೇ ಕೇಳ್ಕೊಳ್ಳೋದು ಇಷ್ಟು. ಈ ಸಲ ಡಿಸೆಂಬರ್ 6ಕ್ಕೆ ನಮ್ಮದೊಂದು ಹಾಡು ಮಾಡೋಣ. ದೊಡ್ಡ ಸ್ಟುಡಿಯೋ ಬೇಕಿಲ್ಲ. ಒಂದು ಫೋನು, ಅದು ಅಲುಗಾಡದಂಗ ಎರಡು ಇಟ್ಟಂಗಿ, ಒಂದು ಕರಿ ಹಲಗೆ, ಸೀಮೆಸುಣ್ಣ, ಒಲಿಯ ಇದ್ದಲಿ. ಬರೆದು, ಫೋಟೋ ತೆಗೆದು, ತುಸು ಅಳಿಸಿ, ಮತ್ತೆ ಬರೆಯೋದು. ಸುರಪುರಕ್ಕೆ ಚಿತ್ರಕಲೆ ಹೊಸದೇನಲ್ಲ, ಅರಮನೆ ಕಾಲದಿಂದ ಆ ಊರಿನ ಹೆಸರಿನ ಶೈಲಿಯೇ ಇದೆ. ಈಗ ನಮ್ಮ ಕೇರಿಯ ಹುಡುಗರು ಬರೆಯಲಿ. ಹಲಗಿಯನ್ನು ಮೆರವಣಿಗೆಯ ಹಂಗ ಜೋರು ಬಾರಿಸದೆ, ಹೆಣದ ಮುಂದೆ ಬಾರಿಸ್ತಾರಲ್ಲ, ಹಂಗ ಬಿಟ್ಟು ಬಿಟ್ಟು ಬಾರಿಸೋಣ. ಗಿಟಾರ್ ಬರುವ ಹುಡುಗ ಇದ್ದಾನ. ಅದೂ ಇರಲಿ, ಗಿಟಾರಿಗೆ ಯಾವ ಜಾತಿನೂ ಇಲ್ಲ.

ಎರಡೇ ಷರತ್ತು. ಸತ್ತವರ ನಿಜವಾದ ಮುಖ, ಗಾಯ, ರಕ್ತ ಇರಬಾರದು. ಮತ್ತು ಯಾರ ಮನೆಯ ಕಥೆ ಹೇಳ್ತೀವೋ ಆ ಮನೆಯವರು ಮೊದಲು ನೋಡಬೇಕು. ಅವರು ಬೇಡ ಅಂದರೆ ಅಲ್ಲಿಗೆ ಬಿಡಬೇಕು.

ಯಾದಗಿರಿ, ಶಹಾಪುರ, ಸುರಪುರದಾಗ ಚಿತ್ರ ಬರೆಯೋರು, ಹಾಡೋರು, ಬರೀ ಇಟ್ಟಂಗಿ ಹಿಡಿಯೋರು ಯಾರಿದ್ದರೂ ಇನ್‌ಬಾಕ್ಸಿಗೆ ಬರ್ರಿ. ಇನ್ನು ಮುಂದೆ ನಿಮ್ಮ ಗ್ರೂಪಿಗೆ ಯಾರದೋ ಹೆಣದ ಫೋಟೋ ಬಂದರೆ, ಕೇಸಿಗೆ ಬೇಕಾದಲ್ಲಿ ವಕೀಲರಿಗೆ ಕಳಿಸ್ರಿ. ಮುಂದಕ್ಕ ದೂಡಬ್ಯಾಡ್ರಿ. ಎಲ್ಲೋ ಒಬ್ಬಾಕಿ ಒಲಿ ಮುಂದೆ ಕುಂತು ಫೋನ್ ತೆಗೀತಿರ್ತಾಳ.

ಜೈಭೀಮ್.