ಹತ್ತು ಗ್ರಾಂ ಐಸು

ಕಮರ್ಷಿಯಲ್ ಸ್ಟ್ರೀಟಿಗೆ ಎಷ್ಟು ಸಲ ಹೋದರೂ ನಮ್ಮಮ್ಮ ಒಡವೆಯಂಗಡಿಯ ಗಾಜಿನ ಮುಂದೆ ನಿಂತವಳಲ್ಲ. ಹೊಸದನ್ನು ಕೊಳ್ಳುವುದು ಅವಳ ಜಾಯಮಾನವೇ ಅಲ್ಲ, ಹಳೆಯದನ್ನು ಕರಗಿಸಿ ಹೊಸದು ಮಾಡಿಸುವುದು ಅವಳ ರೀತಿ. ಅಜ್ಜಿಯ ಅಡ್ಡಿಕೆ ಅಕ್ಕನ ಮದುವೆಗೆ ನೆಕ್ಲೇಸಾಯಿತು, ಆ ನೆಕ್ಲೇಸಿನಲ್ಲಿ ಉಳಿದ ಚೂರು ಮೊಮ್ಮಗಳ ಓಲೆಯಾಯಿತು. ಹಾಗಾಗಿ ನಮ್ಮ ಪಾಲಿಗೆ ಆ ಬೀದಿ ಎಂದರೆ ಥಳಥಳಿಸುವ ಮುಖ್ಯರಸ್ತೆಯಲ್ಲ, ಜ್ಯುವೆಲರ್ಸ್ ಸ್ಟ್ರೀಟಿನ ಕಡೆ ಹೊರಳಿ, ಒಂದು ಓಣಿ ಹೊಕ್ಕು, ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಸಿಗುತ್ತಿದ್ದ ಅಕ್ಕಸಾಲಿಗರ ಕೋಣೆ.

ಬಳೆ ಮೂಸೆಗೆ ಬಿದ್ದ ಗಳಿಗೆಯಿಂದ ಅಮ್ಮ ರೆಪ್ಪೆ ಬಡಿಯುತ್ತಿರಲಿಲ್ಲ. ನಂಬಿಕೆ ಬೇರೆ, ಲೆಕ್ಕ ಬೇರೆ ಎನ್ನುವವಳು. ಚಿಟಿಕೆ ಬಿಳಿಗಾರ ಉದುರಿಸಿ ಜ್ವಾಲೆ ಹಿಡಿದರೆ ಚಿನ್ನ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಅಂಚು ಕಳೆದುಕೊಳ್ಳುತ್ತಿತ್ತು, ಇದ್ದಕ್ಕಿದ್ದಂತೆ ಮಿರುಗುವ ಗುಂಡು ಹನಿಯಾಗಿ ಮೂಸೆಯಲ್ಲಿ ತೊನೆಯುತ್ತಿತ್ತು. ಆ ಧಗೆಯಿಂದ ಕೆಳಗಿಳಿದು ಬಂದರೆ ನನಗೊಂದು ನನ್ನಾರಿ ಶರಬತ್ತು ಗ್ಯಾರಂಟಿ. ಗೋಣಿಚೀಲದಲ್ಲಿ ಸುತ್ತಿಟ್ಟ ಐಸಿನ ಗಡ್ಡೆಯನ್ನು ಚಚ್ಚಿ ಗ್ಲಾಸಿಗೆ ತುಂಬುತ್ತಿದ್ದರು. ಅಮ್ಮ ಮಾತ್ರ, ‘ಐಸು ಕಮ್ಮಿ ಹಾಕಿ, ಬರೀ ನೀರು ಕುಡಿಸ್ತೀರ’ ಎಂದು ತಗಾದೆ ತೆಗೆಯುವಳು.

ನಾನು ಪಿಯುಸಿ ಓದುತ್ತಿದ್ದ ಕಾಲ ಅದು. ಭೌತಶಾಸ್ತ್ರದ ಪರೀಕ್ಷೆಯಲ್ಲಿ ತಪ್ಪದೆ ಬರುತ್ತಿದ್ದ ಲೆಕ್ಕವೊಂದಿತ್ತು: ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಒಂದು ಗ್ರಾಂ ಮಂಜುಗಡ್ಡೆಯನ್ನು 100 ಡಿಗ್ರಿಯ ಉಗಿಯಾಗಿಸಲು ಎಷ್ಟು ಶಾಖ ಬೇಕು? ಸೊನ್ನೆಗೆ ತರಲು 5 ಕ್ಯಾಲೊರಿ, ಕರಗಿಸಲು 80, ಆ ನೀರನ್ನು ಕುದಿಯುವ ಮಟ್ಟಕ್ಕೇರಿಸಲು 100, ಉಗಿಯಾಗಿಸಲು 540. ಒಟ್ಟು 725. ಇದರಲ್ಲಿ ವಿಚಿತ್ರವಾದವು 80 ಮತ್ತು 540. ಅಷ್ಟು ಶಾಖ ಕುಡಿದರೂ ಉಷ್ಣಮಾಪಕ ಕೂದಲೆಳೆಯಷ್ಟೂ ಏರುವುದಿಲ್ಲ. ಉಂಡದ್ದು ಮೈಗೆ ಹತ್ತದ ಹುಡುಗನ ಹಾಗೆ. (ಪುಸ್ತಕದ 100 ಡಿಗ್ರಿ ಸಮುದ್ರ ಮಟ್ಟದವರಿಗೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ. ನಮ್ಮ ಯಾವ ಮೇಷ್ಟರೂ ಇದಕ್ಕೆ ಅಂಕ ಕೊಡುತ್ತಿರಲಿಲ್ಲ.)

ಉಷ್ಣಮಾಪಕಕ್ಕೆ ಕಾಣದಂತೆ ಅಡಗಿಕೊಳ್ಳುವ ಈ ಶಾಖವನ್ನು, ಅಂದರೆ ಗುಪ್ತೋಷ್ಣವನ್ನು, ಮೊದಲು ಅಳೆದವನು ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವನ ಪ್ರಯೋಗದ ಸರಳತೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಅಳತೆಯ ಎರಡು ಗಾಜಿನ ಪಾತ್ರೆ. ಒಂದರಲ್ಲಿ ಹೆಪ್ಪುಗಟ್ಟುವ ಮಟ್ಟದ ನೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಮಂಜುಗಡ್ಡೆ. ಎರಡನ್ನೂ ದೊಡ್ಡ ಹಜಾರವೊಂದರಲ್ಲಿ ತೂಗುಹಾಕಿ ಕಾದ. ನೀರು ಅರ್ಧ ಗಂಟೆಯಲ್ಲಿ 7 ಫ್ಯಾರನ್‌ಹೀಟ್ ಡಿಗ್ರಿ ಬಿಸಿಯಾಯಿತು. ಮಂಜುಗಡ್ಡೆ ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅಂದರೆ 21 ಅರ್ಧ ಗಂಟೆಗಳು. ಒಲೆಯಿಲ್ಲ, ಯಂತ್ರವಿಲ್ಲ, ತಾಳ್ಮೆ ಮತ್ತು ಗುಣಾಕಾರ ಅಷ್ಟೇ. ಅವನಿಗೆ ಸಿಕ್ಕ ಉತ್ತರ ಇಂದಿನ 80 ಕ್ಯಾಲೊರಿಗೆ ತೀರ ಹತ್ತಿರ.

ಅದೇ ಸೂತ್ರವನ್ನು ಅಮ್ಮನ ಬಳೆಗೆ ಹಚ್ಚಿ ನೋಡಿದ್ದು ನಾನು ಮಾಡಿದ ಏಕೈಕ ಸ್ವಂತ ಸಂಶೋಧನೆ. ಚಿನ್ನ ಕರಗುವುದು 1064 ಡಿಗ್ರಿಯಲ್ಲಿ. (ತಾಮ್ರ, ಬೆಳ್ಳಿ ಬೆರೆತ 22 ಕ್ಯಾರೆಟ್ಟಿನದು ಇನ್ನೂ ಕೆಳಗೇ ಕರಗುತ್ತದೆ.) ಒಂದು ಗ್ರಾಂ ಚಿನ್ನವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದದ್ದು ಬರೀ 0.031 ಕ್ಯಾಲೊರಿ. 25 ಡಿಗ್ರಿಯಿಂದ ಕರಗುವ ಮಟ್ಟಕ್ಕೆ ಏರಿಸಲು 32, ಕರಗಿಸಲು ಸುಮಾರು 15. ಕಾದಂತೆಲ್ಲ ಚಿನ್ನದ ಹಸಿವು ಚೂರು ಹೆಚ್ಚುತ್ತದೆಂದು ಉದಾರವಾಗಿ ಸೇರಿಸಿದರೂ ಗ್ರಾಮಿಗೆ 50 ಕ್ಯಾಲೊರಿ. ಹತ್ತು ಗ್ರಾಮಿಗೆ 500. ಸೊನ್ನೆ ಡಿಗ್ರಿಯ ಹತ್ತು ಗ್ರಾಂ ಐಸು ಸುಮ್ಮನೆ ನೀರಾಗಲು 800!

ನಾಲ್ಕು ಸಲ ಕೂಡಿದೆ, ಉತ್ತರ ಬದಲಾಗಲಿಲ್ಲ. ಮೇಲಿನ ಕೋಣೆಯಲ್ಲಿ ಅಷ್ಟೆಲ್ಲ ಬೆಂಕಿ, ಬೆವರು, ಅಮ್ಮನ ಕಾವಲು; ಕೆಳಗೆ ಗ್ಲಾಸಿನಲ್ಲಿ ಅದಕ್ಕಿಂತ ದೊಡ್ಡ ಶಾಖದ ವ್ಯವಹಾರ ಸದ್ದಿಲ್ಲದೆ ನಡೆದುಹೋಗುತ್ತಿತ್ತು. ಹಾಗಾದರೆ ಕುಲುಮೆ ಏಕೆ? ಚಿನ್ನ ಕೇಳುವುದು ಹೆಚ್ಚು ಶಾಖವನ್ನಲ್ಲ, ಎತ್ತರದ ಶಾಖವನ್ನು. ಬಿಸಿಲಿನಲ್ಲಿ ವರ್ಷವಿಡೀ ಇಟ್ಟರೂ ಅದು ಕರಗದು. ಜೊತೆಗೆ ಜ್ವಾಲೆಯ ಬಹುಪಾಲು ಮೂಸೆಗೆ, ಗಾಳಿಗೆ, ಅಕ್ಕಸಾಲಿಗರ ಮುಖಕ್ಕೆ ಹೋಗುತ್ತದೆ.

ಚಿನ್ನದ ಪರವಾಗಿಯೂ ಒಂದು ಮಾತು ಹೇಳಬೇಕು. ಅದರ ಪರಮಾಣು ನೀರಿನ ಅಣುವಿಗಿಂತ ಹನ್ನೊಂದು ಪಟ್ಟು ಭಾರ. ಹತ್ತು ಗ್ರಾಮಿನಲ್ಲಿ ಅವುಗಳ ತಲೆ ಎಣಿಕೆ ಅಷ್ಟು ಕಡಿಮೆ. ತಲೆಗೆ ಇಷ್ಟೆಂದು ಹಂಚಿದರೆ ಚಿನ್ನದ ಒಂದೊಂದು ಪರಮಾಣುವೂ ಐಸಿನ ಅಣುವಿನ ಆರು ಪಟ್ಟಿಗಿಂತ ಹೆಚ್ಚು ಶಾಖ ಕೇಳುತ್ತದೆ. ಆದರೆ ಜಗತ್ತಿನ ಯಾವ ಅಂಗಡಿಯವನೂ ಪರಮಾಣು ಎಣಿಸಿ ಮಾರುವುದಿಲ್ಲ, ತೂಗಿಯೇ ಕೊಡುತ್ತಾನೆ. ಆದ್ದರಿಂದ ನನ್ನ ತೀರ್ಪು ಐಸಿನ ಕಡೆಗೇ.

ಈ 80 ಕ್ಯಾಲೊರಿಯ ಹಟದಿಂದಲೇ ಒಂದು ಕಾಲಕ್ಕೆ ದೊಡ್ಡ ವ್ಯಾಪಾರ ನಡೆದಿತ್ತು. 1833ರಲ್ಲಿ ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್, ಅಲ್ಲಿನ ಕೆರೆಗಳಲ್ಲಿ ಕೊಯ್ದ ಸುಮಾರು 180 ಟನ್ ಮಂಜುಗಡ್ಡೆಯನ್ನು ಹಡಗಿಗೆ ಹೇರಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಪಯಣ, ಎರಡು ಸಲ ಸಮಭಾಜಕ ವೃತ್ತ ದಾಟಬೇಕು. ಆದರೂ ಸುಮಾರು 100 ಟನ್ ಗಡ್ಡೆಯಾಗಿಯೇ ಬಂದಿಳಿಯಿತು. ಮದ್ರಾಸಿನ ಕಡಲತೀರದಲ್ಲಿ ಇದಕ್ಕೆಂದೇ 1842ರಲ್ಲಿ ಕಟ್ಟಿದ ಐಸ್ ಹೌಸ್ ಈಗಲೂ ಇದೆ. 1897ರಲ್ಲಿ ವಿವೇಕಾನಂದರು ತಂಗಿದ್ದ ಕಟ್ಟಡ ಅದೇ. ಯಂತ್ರದ ಐಸು ಬಂದದ್ದೇ ಈ ಕೆರೆಯ ಐಸಿನ ಕಥೆ ಮುಗಿಯಿತು.

ಈಗ ಕಮರ್ಷಿಯಲ್ ಸ್ಟ್ರೀಟಿನಿಂದ ಕೂಗಳತೆಯ ರಸೆಲ್ ಮಾರ್ಕೆಟ್ಟಿಗೆ ಹೋದರೆ ಮೀನಿನ ಬುಟ್ಟಿಗಳಲ್ಲಿ ಅದೇ 80 ಕ್ಯಾಲೊರಿ ಕೆಲಸ ಮಾಡುತ್ತಿರುತ್ತದೆ. ಕರಾವಳಿಯ ಮೀನು ಘಟ್ಟ ಹತ್ತಿ ಕೆಡದೆ ಇಲ್ಲಿಗೆ ಬರುವುದು ಅದರ ದಯೆಯಿಂದ. ಅಮ್ಮನಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದ್ದೆ. ಪೂರ್ತಿ ಕೇಳಿ, ‘ಹಾಗಾದ್ರೆ ನಿನ್ನ ಮದುವೆಗೆ ಐಸಿನ ಬಳೇನೇ ಮಾಡಿಸೋಣ’ ಎಂದಳು.

ನೀವು ಒಡವೆ ಕೊಳ್ಳಲು ಹೋದಾಗ ಅಂಗಡಿಯವರು ಜ್ಯೂಸು ತರಿಸಿಕೊಟ್ಟರೆ, ಐಸು ಕುಡಿಯುವ ನೀರಿನದೇ ಎಂದು ಕೇಳಿಕೊಂಡು ಇನ್ನೆರಡು ತುಂಡು ಹಾಕಿಸಿಕೊಳ್ಳಿ. ಅದಕ್ಕೆ ಮೇಕಿಂಗ್ ಚಾರ್ಜ್ ಹಾಕುವುದಿಲ್ಲ.