ಬನ್ಯಾ

ನನ್ನ ಮಗಳಿಗೆ ಹೋದ ತಿಂಗಳು ಒಂದು ವರ್ಷ ತುಂಬಿತು. ನನ್ನ ಪಿಎಚ್‌ಡಿಗೆ ನಾಲ್ಕು. ಎರಡರಲ್ಲಿ ಎದ್ದು ನಿಂತು ಹೆಜ್ಜೆ ಹಾಕುತ್ತಿರುವುದು ಮಗಳು ಮಾತ್ರ.

ನಾನು ಓದುತ್ತಿರುವುದು ಬಂಧುವಾಚಕಗಳ ಮೇಲೆ. ಅಂದರೆ ನಂಜನಗೂಡು, ಗುಂಡ್ಲುಪೇಟೆ, ತಿ. ನರಸೀಪುರದ ಕಡೆ ಊರೂರು ತಿರುಗಿ, ಜಗಲಿ ಮೇಲೆ ಕೂತು, ‘ನೀವು ನಿಮ್ಮ ತಾಯೀನ ಏನಂತ ಕರೀತಿದ್ರಿ?’ ಅಂತ ಕೇಳುವ ಕೆಲಸ. ‘ಅವ್ವ ಅಂತ ಕಣವ್ವ, ಇನ್ನೇನಂತ ಕರದಾರು’ ಎಂದು ನಕ್ಕ ಅಜ್ಜಿಯೊಬ್ಬರು, ‘ಇದ್ಕೆ ಸರ್ಕಾರ ದುಡ್ಡು ಕೊಟ್ಟದಾ?’ ಎಂದೂ ಕೇಳಿದ್ದರು. ಎರಡನೇ ಅಧ್ಯಾಯ ಪೂರ್ತಿ ತಾಯಿಯದ್ದೇ. ಅವ್ವ, ಅಮ್ಮ, ಉತ್ತರ ಕನ್ನಡದ ಹವ್ಯಕರ ಆಯಿ, ದಕ್ಷಿಣ ಕನ್ನಡದವರ ಅಬ್ಬೆ, ತುಳುವಿನ ಅಪ್ಪೆ. ಇಷ್ಟೆಲ್ಲ ಗುಡ್ಡೆ ಹಾಕಿಕೊಂಡವಳಿಗೆ ತನ್ನ ಮಗಳ ಬಾಯಿಂದ ಯಾವುದು ಬರುತ್ತದೆ ಎಂಬ ಕುತೂಹಲ ಇರದೆ ಇದ್ದೀತೇ? ಅವಳಿಗಾಗಿ ಒಂದು ನೋಟ್‌ಬುಕ್ ತೆಗೆದಿಟ್ಟೆ. ತಾರೀಖು, ಹೊತ್ತು, ಶಬ್ದ, ಸಂದರ್ಭ ಎಂದು ನಾಲ್ಕು ಗೆರೆ ಎಳೆದೆ.

ಈ ಹುಚ್ಚು ನನ್ನೊಬ್ಬಳದ್ದಲ್ಲ. ಡಾರ್ವಿನ್ ಕೂಡ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬಗ್ಗೆ ಹೀಗೇ ಟಿಪ್ಪಣಿ ಮಾಡಿಟ್ಟುಕೊಂಡಿದ್ದ. ಸರಿಯಾಗಿ ಒಂದು ವರ್ಷಕ್ಕೆ ಆ ಕೂಸು ಊಟಕ್ಕೆ ತಾನೇ ಒಂದು ಪದ ಕಟ್ಟಿತಂತೆ: ‘ಮಮ್’. ಓದಿದಾಗ ನನಗೆ ನಗು ತಡೆಯಲಿಲ್ಲ. ನಮ್ಮ ಮನೆಗಳ ‘ಮಮ್ಮು’ವನ್ನು ಇಂಗ್ಲೆಂಡಿನ ಕೂಸೊಂದು ಯಾರೂ ಹೇಳಿಕೊಡದೆ ಕಂಡುಹಿಡಿದಿತ್ತು. ಡಾರ್ವಿನ್ ಆ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ್ದು 1877ರಲ್ಲಿ. ನನ್ನ ಗೈಡ್ ಮುಂದಿನ ಸಲ ‘ಎಲ್ಲಿಗೆ ಬಂತಮ್ಮಾ ಅಧ್ಯಾಯ?’ ಎಂದಾಗ ಈ ಲೆಕ್ಕ ಒಪ್ಪಿಸಬೇಕು ಅಂದುಕೊಂಡಿದ್ದೇನೆ.

ಲೋಕದ ಅಷ್ಟೊಂದು ಭಾಷೆಗಳಲ್ಲಿ ತಾಯಿಗೆ ‘ಮ’ಕಾರವೇ ಯಾಕೆ ಎಂದು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಒಂದು ವಿವರಣೆ ಕೊಟ್ಟಿದ್ದಾನೆ. ಹಾಲು ಕುಡಿಯುವ ಕೂಸಿನ ಬಾಯಿ ಮುಚ್ಚಿರುತ್ತದೆ, ಮೂಗಿನಿಂದ ಮಾತ್ರ ಸದ್ದು ಹೊರಡಬೇಕು. ಆ ‘ಮ್’ ಮೊದಲು ಹಾಲಿನ ಸುಖದ್ದು, ಆಮೇಲೆ ಹಾಲು ಬೇಕೆಂಬ ಕೂಗು, ಕೊನೆಗೆ ಹಾಲು ಕೊಡುವವಳ ಹೆಸರು. ಹಾಗಾಗಿ ಎಂಟನೇ ತಿಂಗಳಲ್ಲಿ ಮಗಳು ‘ಮ್ಮಮ್ಮಮ್ಮ’ ಎಂದಾಗ ನಾನು ಗೆದ್ದೆ ಅಂದುಕೊಂಡೆ. ಬೆಂಗಳೂರಿನಲ್ಲಿದ್ದ ಗಂಡನಿಗೆ ಆಗಲೇ ಫೋನು. ಅರ್ಧ ಗಂಟೆಯಲ್ಲಿ ಅವಳು ಅದನ್ನೇ ಫ್ಯಾನಿಗೂ ಹೇಳಿದಳು, ಚಪ್ಪಲಿಗೂ ಹೇಳಿದಳು.

ಹನ್ನೊಂದನೇ ತಿಂಗಳ ಹೊತ್ತಿಗೆ ‘ಕಾಕಾ’ ಬಂತು. ಕಾಗೆ, ಛತ್ರಿ, ಕುಕ್ಕರಿನ ಗುಂಡು, ಕಪ್ಪಗಿರುವುದೆಲ್ಲ ಕಾಕಾ. ವಿಡಿಯೋ ಕಾಲಿನಲ್ಲಿ ಹೊಸದಾಗಿ ಬಣ್ಣ ಹಚ್ಚಿಕೊಂಡ ಗೈಡ್ ಮೀಸೆ ನೋಡಿ ಬೆರಳು ಚಾಚಿ ‘ಕಾಕಾ’ ಎಂದಳು. ಅವರು ‘ಅಂಕಲ್ ಅನ್ನುತ್ತಿದ್ದಾಳೆ’ ಎಂದು ಹಿಗ್ಗಿದರು. ನಾನು ತಿದ್ದಲಿಲ್ಲ.

ಅದೇ ವಾರ ‘ಅಮ್ಮ’ವೂ ಬಂತು. ಸ್ಪಷ್ಟವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ. ಆದರೆ ನನಗಲ್ಲ. ಅರಸೀಕೆರೆಯಿಂದ ಬಂದು, ನಾನು ಗಂಗೋತ್ರಿಗೆ ಹೋದಾಗ ಮಗು ನೋಡಿಕೊಳ್ಳುವ ನನ್ನ ಅಮ್ಮನಿಗೆ. ಬೇಜಾರು ಮಾಡಿಕೊಳ್ಳಲಿಕ್ಕೂ ಆಗುವುದಿಲ್ಲ. ಮನೆಯಲ್ಲಿ ‘ಅಮ್ಮಾ, ಬಾಟಲಿ ಎಲ್ಲಿ?’ ‘ಅಮ್ಮಾ, ಕಾಫಿ’ ಎಂದು ನಾನೇ ದಿನಕ್ಕೆ ಐವತ್ತು ಸಲ ಕೂಗುತ್ತೇನೆ. ಆ ಹೆಸರು ಯಾರದ್ದು ಎಂದು ಮಗಳಿಗೆ ಪಾಠ ಮಾಡಿದವಳು ನಾನೇ. ಹಳೆಯ ಕೂಡುಕುಟುಂಬಗಳಲ್ಲಿ ಚಿಕ್ಕಪ್ಪ, ಅತ್ತೆಯರು ಕರೆಯುವುದನ್ನು ಕೇಳಿ ಮಕ್ಕಳು ಅಪ್ಪನನ್ನು ‘ಅಣ್ಣ’, ಅಮ್ಮನನ್ನು ‘ಅಕ್ಕ’ ಎನ್ನುವುದುಂಟಲ್ಲ, ಹಾಗೆ. ‘ಮಗುವು ಸಂಬಂಧವನ್ನಲ್ಲ, ಕೇಳಿದ ಸಂಬೋಧನೆಯನ್ನು ಅನುಕರಿಸುತ್ತದೆ’ ಎಂದು ಇದರ ಬಗ್ಗೆ ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯ ಬರೆದು ಮುಂದಕ್ಕೆ ಹೋಗಿದ್ದೆ.

ಹಾಗಾದರೆ ನಾನ್ಯಾರು?

ನೋಟ್‌ಬುಕ್ಕಿನಲ್ಲಿ ಒಂದು ಪದ ಬಗೆಹರಿಯದೆ ಉಳಿದಿತ್ತು. ‘ಬನ್ಯಾ.’ ಒಮ್ಮೆ ತಂತಿಯ ಮೇಲೆ ಬಟ್ಟೆ ಒಣಗುತ್ತಿದ್ದಾಗ ಹೇಳಿದ್ದಳು. ಬನಿಯನ್ ಇರಬೇಕು ಎಂದು ಬರೆದುಕೊಂಡೆ. ಗಂಡ ಫೋನಿನಲ್ಲಿ ಕೇಳಿಸಿಕೊಂಡು, ಬನ್ ಕೇಳ್ತಿದಾಳೆ ಕಣೇ ಎಂದ. ಆ ಶನಿವಾರ ಬೇಕರಿಯಿಂದ ಆರು ಬನ್ ತಂದ. ಮಗಳು ಒಂದನ್ನು ಕೈಗೆ ತಗೊಂಡು ಅದರಿಂದ ಇನ್ನೊಂದಕ್ಕೆ ಹೊಡೆದಳು.

ಬಗೆಹರಿಸಿದವಳು ಅಮ್ಮ. ಹುರಳಿಕಾಯಿ ನಾರು ತೆಗೆಯುತ್ತಾ, ತಲೆಯೆತ್ತದೆ, ‘ನಿನ್ನನ್ನೇ ಕಣೇ ಕರೀತಿರೋದು. ಸಂಜೆ ಗೇಟು ಸದ್ದಾದ ತಕ್ಷಣ ನಾನು ಬಂದ್ಯಾ ಅಂತೀನಲ್ಲ’ ಎಂದಳು.

ಆ ದಿನ ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಹಿಂದಿನ ಪುಟಗಳನ್ನು ತಿರುವಿದೆ. ಬನ್ಯಾ, ಸಂಜೆ 6.10. ಬನ್ಯಾ, 6.25. ಬನ್ಯಾ, 7.40, ಅವತ್ತು ಸೆಮಿನಾರು. ಬಟ್ಟೆ ಒಣಗುತ್ತಿದ್ದ ಆ ದಿನವೂ ನಾನು ಆಗಷ್ಟೇ ಗೇಟು ತೆಗೆದು ಬಂದು, ಮಳೆ ಬರುತ್ತದೆಂದು ತಂತಿಯ ಹತ್ತಿರ ನಿಂತಿದ್ದೆ. ತಾರೀಖು, ಹೊತ್ತು, ಸಂದರ್ಭ ಎಲ್ಲ ಸರಿಯಾಗಿಯೇ ಇದ್ದವು. ಸಂದರ್ಭದಲ್ಲಿ ನನ್ನನ್ನು ಮಾತ್ರ ನಾನು ಬರೆದುಕೊಂಡಿರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಬೆಳಿಗ್ಗೆ ಹೊರಡುವಾಗಲೂ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ಮಗಳ ವ್ಯಾಕರಣದಲ್ಲಿ ನನಗಿರುವುದು ಒಂದೇ ಕ್ರಿಯಾಪದ. ಹೋಗುವಾಗಲೂ ಬರುವವಳು, ಬರುವಾಗಲೂ ಬರುವವಳು. ನಡುವಿನ ಎಂಟು ಗಂಟೆಗೆ ಅವಳ ಹತ್ತಿರ ಪದವಿಲ್ಲ. ನನ್ನ ಹತ್ತಿರವೂ ಇಲ್ಲ.

ಮೊನ್ನೆ ಸೋಮವಾರ ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಿದ್ದೆ. ಸೋಫಾ ಬಿಟ್ಟು, ಟೀಪಾಯಿ ಬಿಟ್ಟು, ಏನನ್ನೂ ಹಿಡಿಯದೆ ನಾಲ್ಕು ಹೆಜ್ಜೆ ಬಂದವಳು ದಪ್ಪನೆ ಕೂತು, ಮುಖವೆತ್ತಿ, ‘ಬನ್ಯಾ?’ ಎಂದಳು. ಕರೆದಳೋ ಕೇಳಿದಳೋ ಗೊತ್ತಿಲ್ಲ.

‘ಕೇಳ್ತಿದಾಳಲ್ಲ, ಹೇಳು’ ಎಂದಳು ಅಮ್ಮ ಒಳಗಿನಿಂದ.

‘ಬಂದೆ’ ಎಂದೆ. ಚಪ್ಪಲಿ ಬಿಟ್ಟೆ. 9.20ರ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು.