ಕರಿಕೋಟಿನ ಕೊರಳು, ಷರೀಫರ ಪದ

ಹೊರಗೆ ಆಷಾಢದ ಮಳೆ. ಶಿವಮೊಗ್ಗದ ಕುವೆಂಪು ರಂಗಮಂದಿರದ ಮೆಟ್ಟಿಲ ಮೇಲೆ ಕೊಡೆ ಕೊಡವಿಕೊಂಡು ಒಳಗೆ ಬರುತ್ತೀರಿ. ಅರ್ಧ ಸಭಾಂಗಣ ತುಂಬಿದೆ. ವೇದಿಕೆಯ ಮೇಲೆ ಹಾರ್ಮೋನಿಯಂ, ಕೀಬೋರ್ಡ್, ಕೊಳಲು, ರಿದಂ ಪ್ಯಾಡ್. ತಬಲಾದವರು ಸಣ್ಣ ಸುತ್ತಿಗೆ ಹಿಡಿದು ತಬಲಾದ ಅಂಚಿಗೆ ಕುಟ್ಟುತ್ತಾರೆ, ಬೆರಳಿನಿಂದ ನುಡಿಸಿ ನೋಡುತ್ತಾರೆ, ಮತ್ತೆ ಕುಟ್ಟುತ್ತಾರೆ. ಮಲೆನಾಡಿನ ತೇವಕ್ಕೆ ಚರ್ಮ ಸಡಿಲ ಬಿದ್ದಿದೆ. ನಾಲ್ಕೈದು ಸಲ ಹೀಗಾದ ಮೇಲೆ ಗಾಯಕರು ಅವರ ಕಡೆ ತಿರುಗಿ 'ಆಯ್ತಾ ಮಾರಾಯ್ರೆ?' ಅನ್ನುವುದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಬಿಡುತ್ತದೆ.

ಮೊದಲು ಕುವೆಂಪು, ಆಮೇಲೆ ಬೇಂದ್ರೆ, ಆಮೇಲೆ ಶಿಶುನಾಳ ಷರೀಫ. ನಮ್ಮ ಸುಗಮ ಸಂಗೀತದ ಕಛೇರಿಗೆ ಈ ಕ್ರಮ ಯಾರೂ ಬರೆದಿಟ್ಟದ್ದಲ್ಲ, ಆದರೂ ತಪ್ಪುವುದು ಕಡಿಮೆ. ಷರೀಫರದ್ದು ಅಂದರೆ ಸೋರುವ ಮಾಳಿಗೆಯ ಪದ ಬರಲೇಬೇಕು. ಪಲ್ಲವಿ ಎತ್ತುತ್ತಿದ್ದಂತೆ ಜನ ಸೂರಿನ ಕಡೆ ನೋಡಿ ನಗುತ್ತಾರೆ; ತಗಡಿನ ಮೇಲೆ ಬೀಳುವ ಮಳೆಯ ಸದ್ದು ತಬಲಾಕ್ಕಿಂತ ಜೋರಾಗಿದೆ.

ನಗುವವರಲ್ಲಿ ಹೆಚ್ಚಿನವರು ಆ ಮಾಳಿಗೆಯನ್ನು ಕಂಡವರಲ್ಲ. ಷರೀಫರು ಹಾಡಿದ್ದು ಬಯಲುಸೀಮೆಯ ಮಣ್ಣಿನ ಮಾಳಿಗೆ. ಜಂತಿಯ ಮೇಲೆ ಕಡ್ಡಿ ಹಾಸಿ, ಅದರ ಮೇಲೆ ಮಣ್ಣು ಬಡಿದು ಕೂಡಿಸಿದ ಸಮತಟ್ಟು ಸೂರು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಬಡಿಯದಿದ್ದರೆ ಇರುವೆ ಗೂಡಿನ ಸಂದಿಯಿಂದ ನೀರು ಇಳಿದು ಅಡುಗೆಮನೆಗೇ ಬರುತ್ತದೆ. ಇಲ್ಲಿನದು ಇಳಿಜಾರು ಹಂಚಿನ ಮನೆ. ಇಲ್ಲಿ ಸೋರಿದರೆ ಕೋತಿ ಹಂಚು ಸರಿಸಿದೆ ಅಂತಲೇ ಲೆಕ್ಕ, ಅದರಲ್ಲಿ ಅಧ್ಯಾತ್ಮ ಹುಡುಕುವವರಿಲ್ಲ. ಹಾಗಿದ್ದೂ ಮಳೆಯನ್ನೇ ಉಟ್ಟು ಹೊದ್ದ ಈ ಜಿಲ್ಲೆ ಒಣನಾಡಿನ ಆ ಪದವನ್ನು ತನ್ನದೇ ಮಾಡಿಕೊಂಡಿದೆ.

ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಡೆ ವಾಲಿ ಹೇಳುತ್ತಾರೆ: 'ಸುಬ್ಬಣ್ಣೋರು ಹಾಡೋದು ಕೇಳ್ಬೇಕಿತ್ತು ನೀವು. ಮೈಕ್ ಬೇಕಿರ್ಲಿಲ್ಲ.'

ಆ ಹೆಸರಿನ ಬೆನ್ನು ಹತ್ತಿ ಹೋಗೋಣ. ಸುಬ್ಬಣ್ಣ ಎಂದೇ ಹೆಸರಾದ ಜಿ. ಸುಬ್ರಹ್ಮಣ್ಯ ಹುಟ್ಟಿದ್ದು 1938ರ ಡಿಸೆಂಬರ್ 14ರಂದು, ಹೊಸನಗರ ತಾಲ್ಲೂಕಿನ ನಗರದಲ್ಲಿ. ಕೆಳದಿ ಅರಸರು ಬಿದನೂರು ಎಂದು ಆಳಿದ, 1763ರಲ್ಲಿ ಹೈದರಾಲಿ ಗೆದ್ದು ತನ್ನ ಹೆಸರಿನ ನಗರ ಮಾಡಿಕೊಂಡ ಊರು ಅದು. ಕೋಟೆ ಇನ್ನೂ ಇದೆ, ಪೇಟೆ ಹೋಗಿದೆ, ಮಳೆ ಮಾತ್ರ ಯಾರ ಕಾಲದಲ್ಲೂ ಬಿಟ್ಟಿಲ್ಲ. ಮೊದಲ ಪಾಠ ಅಜ್ಜ ಶಾಮಣ್ಣನವರಿಂದ. ಆಮೇಲೆ ಪದವಿಗಳು, ಕಾನೂನು ಓದು, ಶಿವಮೊಗ್ಗದ ಕೋರ್ಟು. ಹಗಲು ವಕೀಲಿಕೆ, ಸಂಜೆ ಹಾಡು.

ಎಪ್ಪತ್ತರ ದಶಕದ ಒಂದು ಬೆಳಗ್ಗೆ ನ್ಯಾಯಾಲಯದ ಅಂಗಳದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಅಡಿಕೆ ತೋಟದ ಗಡಿ ತಕರಾರು, ಗೇಣಿ ವ್ಯಾಜ್ಯ, ಬೆರಳಚ್ಚು ಯಂತ್ರದ ಟಕಟಕ, ಛಾಪಾ ಕಾಗದದ ವಾಸನೆ. ಬಿಳಿ ಬ್ಯಾಂಡು ಕಟ್ಟಿದ ಕರಿಕೋಟಿನ ಗುಂಪು. ಅವರಲ್ಲೊಬ್ಬರ ಗಂಟಲು ಬೇರೆ ಅನ್ನುವುದು ವಾದ ಕೇಳಿದರೆ ಗೊತ್ತಾಗುತ್ತಿತ್ತೋ ಇಲ್ಲವೋ, ಹಾಡು ಕೇಳಿದವರಿಗೆ ಮಾತ್ರ ಅವರ ವಾದದ ಅಭ್ಯಾಸ ಗೊತ್ತಾಗುತ್ತದೆ ಎಂದು ನನ್ನ ಅನುಮಾನ. ಸುಬ್ಬಣ್ಣನವರ ಹಾಡಿನಲ್ಲಿ ಒಂದಕ್ಷರವೂ ನುಂಗಿಹೋಗುವುದಿಲ್ಲ. ಒತ್ತಕ್ಷರ ಒತ್ತಾಗಿಯೇ, ಮಹಾಪ್ರಾಣ ಉಸಿರು ತುಂಬಿಕೊಂಡೇ ಬರುತ್ತದೆ. ಸಾಲಿನ ಕೊನೆಯನ್ನು ಎಳೆದು ಮುದ್ದು ಮಾಡುವುದಿಲ್ಲ. ಎದುರಿಗೆ ಕೂತವರಿಗೆ ಪ್ರತಿ ಮಾತೂ ದಾಖಲಾಗಬೇಕು ಅನ್ನುವ ಹಟ ಅದು.

ಆ ಹೊತ್ತಿಗೆ ಕನ್ನಡದ ಕವಿತೆ ಪುಸ್ತಕದಿಂದ ಎದ್ದು ಕ್ಯಾಸೆಟ್ಟಿಗೆ ಹೋಗುತ್ತಿತ್ತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 'ನಿತ್ಯೋತ್ಸವ' ತಂದದ್ದು 1978ರಲ್ಲಿ. ಅದರ ಬೆನ್ನಿಗೇ ಸುಬ್ಬಣ್ಣನವರ ಸರದಿ ಬಂತು. ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆಗೆ ಅವರಿಗೆ ರಜತ ಕಮಲ ಬಂತು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. ಆ ಹಾಡನ್ನು ಈಗಲೂ ಹಾಕಿ ಕೇಳಿ: ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ನಿಂತು ಹಾಡಿದ ಹಾಗೆ ಕೇಳುವುದೇ ಇಲ್ಲ, ಗುಡ್ಡದ ನೆತ್ತಿಯಿಂದ ಆಚೆ ಕಣಿವೆಯವರನ್ನು ಕೂಗಿದ ಹಾಗಿದೆ. ಊರ ಹೆಸರು ಅವರ ಹೆಸರಿಗೆ ಅಂಟಿಕೊಂಡಿತು: ಶಿವಮೊಗ್ಗ ಸುಬ್ಬಣ್ಣ. ಆ ಹೆಸರಿನೊಂದಿಗೇ ಅವರು ಬೆಂಗಳೂರಿಗೆ ಹೋದರು.

ಇಂಥ ಕೊರಳು ಷರೀಫರ ಪದಕ್ಕೆ ಹೇಗೆ ಒದಗಿತು? ಷರೀಫರ ಬದುಕನ್ನು ಸ್ವಲ್ಪ ನೆನೆಯಬೇಕು. ಶಿಗ್ಗಾಂವಿ ಬಳಿಯ ಶಿಶುನಾಳದಲ್ಲಿ 1819ರ ಜುಲೈ 3ರಂದು ಹುಟ್ಟು, 1889ರ ಅದೇ ದಿನ ಸಾವು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮನೆಯವರು ಹುಲಗೂರಿನ ಸೂಫಿ ಸಂತರಿಗೆ ನಡೆದುಕೊಳ್ಳುತ್ತಿದ್ದರು. ಗುರು ಸಿಕ್ಕಿದ್ದು ಕಳಸದ ಗೋವಿಂದಭಟ್ಟರು, ಬ್ರಾಹ್ಮಣ. ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂದು ಊರವರು ಇಂದಿಗೂ ಹೇಳುತ್ತಾರೆ. ಕೆಲಕಾಲ ಶಾಲೆ ಮಾಸ್ತರಿಕೆ, ಹೆರಿಗೆಯ ನಂತರ ಹೆಂಡತಿ ಫಾತಿಮಾ ತೀರಿಹೋದದ್ದು, ಮಗುವೂ ಉಳಿಯದೆ ಹೋದದ್ದು. ಆಮೇಲೆ ಮನುಷ್ಯನಿಗೆ ಮನೆಯೆಂಬುದೇ ಉಳಿಯಲಿಲ್ಲ. ಸಂತೆಗೆ ಹೋದರೆ ಸಂತೆಯ ಮೇಲೆ, ಜಗಳ ಕಂಡರೆ ಜಗಳದ ಮೇಲೆ, ಮೊಹರಂ ಬಂದರೆ ಅಲಾವಿಯ ಕುಣಿತಕ್ಕೆ ಕನ್ನಡದಲ್ಲೇ ರಿವಾಯತ್ ಪದ. ಬರೆದಿಟ್ಟದ್ದಕ್ಕಿಂತ ಬಾಯಿಂದ ಬಾಯಿಗೆ ಹೋದದ್ದೇ ಹೆಚ್ಚು.

ಆ ಪದಗಳು ನೂರು ವರ್ಷ ಭಜನೆ ಮೇಳಗಳ ಗಂಟಲಲ್ಲಿ ಬದುಕಿದವು. ಅವುಗಳನ್ನು ಪಟ್ಟಣದ ನಡುಮನೆಗೆ ತಂದ ದೊಡ್ಡ ಪಾಲು ಸಿ. ಅಶ್ವಥ್ ಅವರದು, ಅನುಮಾನವಿಲ್ಲ. ಅವರದೇ ಸಂಗೀತದಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರ ಬಂತು. ಶ್ರೀಧರ್ ಷರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾಗಿ. ಅಶ್ವಥ್ ಹಾಡಿದರೆ ಷರೀಫರು ಎದೆ ಬಿರಿದು ಕೂಗಿದಂತೆ. ಸುಬ್ಬಣ್ಣನವರದು ಬೇರೆ ದಾರಿ. ಅವರ ಕೊರಳಲ್ಲಿ ಷರೀಫರು ದುಃಖ ತೋಡಿಕೊಳ್ಳುವುದಿಲ್ಲ, ವಿಷಯ ತಿಳಿಸುತ್ತಾರೆ. ತವರು ಬಿಟ್ಟು ಹೊರಟ ತಂಗಿಗೆ ಸಮಾಧಾನ ಹೇಳುವ ಪದವನ್ನೇ ತೆಗೆದುಕೊಳ್ಳಿ. ಮೇಲ್ನೋಟಕ್ಕೆ ಮದುವೆಯ ಹಾಡು, ಒಳಗೆ ಜೀವ ಮೈ ಬಿಟ್ಟು ಹೋಗುವ ಹಾಡು. ಅದನ್ನು ಅಳುತ್ತಾ ಹಾಡಿದರೆ ಒಳಗಿನದೆಲ್ಲ ಮುಚ್ಚಿಹೋಗುತ್ತದೆ. ಸುಬ್ಬಣ್ಣನವರು ಅಳುವುದಿಲ್ಲ. ನನಗೆ ಅವರ ದಾರಿಯೇ ಸೂಫಿ ಮಾತಿಗೆ ಹತ್ತಿರ ಅನ್ನಿಸುತ್ತದೆ. ಅಶ್ವಥ್ ಅಭಿಮಾನಿಗಳು ಸಿಟ್ಟಾಗಬೇಡಿ.

ಕಾರ್ಯಕ್ರಮ ಮುಗಿದಿದೆ. ಮಳೆ ನಿಂತಿದೆ. ಬಿ.ಎಚ್. ರಸ್ತೆಗೆ ಬಂದು ಅಮೀರ್ ಅಹಮದ್ ವೃತ್ತದಲ್ಲಿ ನಿಲ್ಲುತ್ತೀರಿ. ಜೋಳದ ತೆನೆ ಸುಡುವವನ ಕೆಂಡ, ಆಟೋಗಳ ಸಾಲು, ಷಟರ್ ಎಳೆಯುತ್ತಿರುವ ಅಂಗಡಿಗಳು. ಸುಬ್ಬಣ್ಣನವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 2022ರ ಆಗಸ್ಟ್ 11ರಂದು, 83ನೇ ವಯಸ್ಸಿನಲ್ಲಿ. ನಾಲ್ಕು ದಿನ ಕಳೆದು ಆಗಸ್ಟ್ 15ರಂದು ಇದೇ ವೃತ್ತದಲ್ಲಿ ಒಂದು ಫ್ಲೆಕ್ಸ್ ವಿಚಾರಕ್ಕೆ ಎರಡು ಕೋಮುಗಳ ನಡುವೆ ಗಲಾಟೆಯಾಯಿತು, ಊರಲ್ಲಿ ಚೂರಿ ಇರಿತವಾಯಿತು, ನಿಷೇಧಾಜ್ಞೆ ಬಿತ್ತು. ಷರೀಫರ ಪದ ಹಾಡಿದವರ ಊರಲ್ಲೇ ಹೀಗಾಯಿತಲ್ಲ ಎಂದು ಹಲುಬುವುದು ಸುಲಭ. ಹಾಡಿನ ಮೇಲೆ ಪೊಲೀಸ್ ಠಾಣೆಯ ಕೆಲಸ ಹೊರಿಸುವುದು ಸರಿಯಲ್ಲ ಅನ್ನುವವ ನಾನು. ಅಲ್ಲದೆ ಇದೇ ಜಿಲ್ಲೆಯ ಹಣಗೆರೆಕಟ್ಟೆಯಲ್ಲಿ ಸಾದತ್ ದರ್ಗಾವೂ ಭೂತರಾಯ ಚೌಡೇಶ್ವರಿ ಗುಡಿಯೂ ಒಂದೇ ಸೂರಿನಡಿ ಇವೆ. ಕೋಳಿ ಹಿಡಿದುಕೊಂಡು ಹರಕೆಗೆ ಬರುವ ಜನರಿಗೆ ಅದು ವಿಶೇಷವೆಂದೇ ತೋರುವುದಿಲ್ಲ.

ಭದ್ರಾವತಿ ಬಸ್ಸು ಹತ್ತಿ. ತುಂಗೆಯ ಸೇತುವೆ ದಾಟುವಾಗ ಕೆಂಪು ನೀರು ಕತ್ತಲಲ್ಲೂ ಕಾಣುತ್ತದೆ. ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ. ಕಡದಕಟ್ಟೆ ಬಂತೆಂದರೆ ಊರು ಶುರು. ಒಂದು ಕಾಲಕ್ಕೆ ಈ ಊರಿಗೆ ಗಡಿಯಾರ ಬೇಕಿರಲಿಲ್ಲ, ಕಾರ್ಖಾನೆಯ ಸೈರನ್ ಸಾಕಿತ್ತು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ವಿಐಎಸ್ಎಲ್, 1936ರ ಕಾಗದದ ಕಾರ್ಖಾನೆ ಎಂಪಿಎಂ. ಹಾವೇರಿ ಕಡೆಯವರು, ತಮಿಳರು, ಉರ್ದು ಮಾತಿನವರು, ಮಲೆಯಾಳಿಗಳು ಎಲ್ಲರೂ ಪಾಳಿಯ ಲೆಕ್ಕದಲ್ಲಿ ನೆರೆಹೊರೆಯಾದರು. 1965ರಲ್ಲಿ ಆಕಾಶವಾಣಿಯೂ ಬಂತು; ಮಲೆನಾಡಿನ ಮೂಲೆಮೂಲೆಗೆ ಭಾವಗೀತೆ ತಲುಪಿಸಿದ್ದು 'ಇದು ಆಕಾಶವಾಣಿ ಭದ್ರಾವತಿ' ಅನ್ನುವ ದನಿ. ಈಗ ಎಂಪಿಎಂ ನಿಂತು ವರ್ಷಗಳಾದವು, ವಿಐಎಸ್ಎಲ್ ಮುಚ್ಚುವ ಮಾತು 2023ರಲ್ಲಿ ಊರನ್ನೇ ಬೀದಿಗೆ ತಂದಿತು. ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ 2008ರಲ್ಲಿ ಸುಬ್ಬಣ್ಣನವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ ಷರೀಫರ ಹೆಸರಿನ ರಾಜ್ಯ ಪ್ರಶಸ್ತಿ ಬಂದಿತ್ತು.

ನೀವು ಹೋಗುತ್ತಿರುವುದು ಪ್ರಶಸ್ತಿಯ ಕಡೆಗಲ್ಲ, ಹೊಸಮನೆ ಬಡಾವಣೆಯ ಒಂದು ಸಾವಿನ ಮನೆಗೆ. ನಿವೃತ್ತ ಕಾರ್ಮಿಕರೊಬ್ಬರು ಮಧ್ಯಾಹ್ನ ತೀರಿಕೊಂಡಿದ್ದಾರೆ, ಮಗಳು ಪುಣೆಯಿಂದ ಬರಬೇಕು, ಮಣ್ಣು ಬೆಳಿಗ್ಗೆ. ಅಂಗಳಕ್ಕೆ ಶಾಮಿಯಾನ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ, ಊದುಬತ್ತಿಯ ಹೊಗೆ. ಜಗುಲಿಯ ಚಾಪೆಯ ಮೇಲೆ ಭಜನೆ ಮೇಳ: ಹಾರ್ಮೋನಿಯಂ ಒಂದು, ದಗ್ಗ ತಬಲಾ, ನಾಲ್ಕು ಜೊತೆ ತಾಳ. ಮುಖ್ಯ ಗಾಯಕ ಎಪ್ಪತ್ತು ದಾಟಿದ ಅಜ್ಜ. ಅಪ್ಪನ ಕಾಲಕ್ಕೆ ಹಾವೇರಿ ಸೀಮೆಯಿಂದ ಕಾರ್ಖಾನೆಗೆ ಬಂದ ಮನೆತನ. ಮಾತು ಇನ್ನೂ ಅಲ್ಲಿಯದೇ. 'ಬರ್ರಿ, ಕುಂದರ್ರಿ' ಎಂದು ಚಾಪೆ ಸರಿಸುತ್ತಾರೆ.

ಇಲ್ಲಿ ಹಾಡು ಕಛೇರಿಯ ಹಾಗೆ ನಡೆಯುವುದಿಲ್ಲ. ಅಜ್ಜ ಒಂದು ಸಾಲು ಹಾಡಿ ಬಿಡುತ್ತಾರೆ, ಹಿಮ್ಮೇಳ ಅದನ್ನು ಎರಡು ಸಲ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಅವರು ಉಸಿರು ತೆಗೆದುಕೊಂಡು, ಎಲೆ ಅಡಿಕೆಯ ರಸ ನುಂಗಿ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ರಾತ್ರಿಯಿಡೀ ಹಾಡಬೇಕಾದವರ ಯುಕ್ತಿ ಅದು. ಕೀಬೋರ್ಡು ಬಂದ ಮೇಲೆ ಆ ಜಾಗದಲ್ಲಿ ಕೊಳಲು ತುಂಬಿಸಿದೆವು. ಒಂದೊಂದು ಪದ ಮುಗಿದಾಗಲೂ ಒಳಗಿನಿಂದ ಹೆಂಗಸರ ಅಳು ಸ್ವಲ್ಪ ಕೇಳುತ್ತದೆ, ಮುಂದಿನ ಪದ ಶುರುವಾದರೆ ತಗ್ಗುತ್ತದೆ.

ಹನ್ನೆರಡೂವರೆಗೆ ಚಹಾ. ಆಮೇಲೆ ತಂಗಿಯ ಪದ ಹಾಡೋಣ ಎಂದು ಮಾತಾಗುತ್ತದೆ, ಧಾಟಿಯ ಮೇಲೆ ತಕರಾರು ಏಳುತ್ತದೆ. ಅಜ್ಜನದು ಊರ ಹಳೆಯ ಧಾಟಿ. ಹಾರ್ಮೋನಿಯಂ ಹಿಡಿದ ಹುಡುಗನಿಗೆ ಬರುವುದು ಕ್ಯಾಸೆಟ್ಟಿನ ಧಾಟಿ, ಹಿಮ್ಮೇಳಕ್ಕೂ ಅದೇ ಅಭ್ಯಾಸ. 'ಸುಬ್ಬಣ್ಣೋರು ಹಾಡಿರೋದೇ ಹಾಡಣ ಬಿಡಿ ಅಜ್ಜ, ಎಲ್ರಿಗೂ ಬರತ್ತೆ' ಎಂದು ಮೊಬೈಲ್ ತೆಗೆದು ಹಾಕುತ್ತಾನೆ. ಸಣ್ಣ ಸ್ಪೀಕರಿನಿಂದ ಆ ಕೊರಳು ಏಳುತ್ತದೆ, ಅಕ್ಷರ ಅಕ್ಷರ ಬಿಡಿಸಿಟ್ಟ ಹಾಗೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ತಲೆ ಎತ್ತುತ್ತಾರೆ. ಬೀದಿಯ ಕೊನೆಯ ಮನೆಯ ಹಿರಿಯರು, ಸತ್ತವರ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡಿದವರು, ತಲೆಯ ಟೋಪಿ ಸರಿಮಾಡಿಕೊಂಡು ಚಾಪೆಗೆ ಬಂದು ಕೂತು ಒಂದು ಜೊತೆ ತಾಳ ತೆಗೆದುಕೊಳ್ಳುತ್ತಾರೆ.

ಅಜ್ಜ ಮೊದಲ ಚರಣ ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಕೈ ಎತ್ತಿ ನಿಲ್ಲಿಸಲು ಹೇಳುತ್ತಾರೆ.

'ಚೊಲೋ ಹಾಡ್ಯಾನಪ್ಪ ವಕೀಲ. ಆದ್ರ ಅಷ್ಟ್ ಮ್ಯಾಲೆ ನಮಗ ಬೆಳತನಕ ಆಗೂದಿಲ್ಲ. ಬಿಳಿ ಒಂದಕ್ಕ ಇಳಸು. ಸಾಬ್ರ, ತಾಳ ನೀವ ಸುರು ಮಾಡ್ರಿ.'